ಕಳೆದುಹೋದ ಹನ್ನೊಂದು: ಆರನೆಯ ತರಗತಿಯ ಒಂದು ಅಂದಾಜಿನ ಪ್ರಕರಣ

ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಂಚಿದ ದಿನ, ಬಿಸಿಯೂಟದ ಗಂಟೆ ಹೊಡೆದ ಮೇಲೂ ಒಬ್ಬ ಹುಡುಗಿ ನನ್ನ ಮೇಜಿನ ಬಳಿಯೇ ನಿಂತಿದ್ದಳು. ಎರಡನೆಯ ಲೆಕ್ಕದ ಮೇಲೆ ನಾನು ಎಳೆದಿದ್ದ ಕೆಂಪು ಗೆರೆಯನ್ನು ಬೆರಳಿನಿಂದ ಮುಚ್ಚಿ, ಮತ್ತೆ ತೆರೆದು, ಕೇಳಿದಳು: “ಸರ್, ನಿಜವಾದ ಮೊತ್ತ 101. ನೀವು ಸರಿ ಎಂದು ಬೋರ್ಡಿನ ಮೇಲೆ ಬರೆದದ್ದು 90. ನಾನು ಬರೆದದ್ದು 100. ಯಾವುದು ಹತ್ತಿರ?”

ಕೂಡಲೇ ಹೇಳಬಹುದಾದ ಉತ್ತರ ನನ್ನಲ್ಲಿರಲಿಲ್ಲ. ಹಸಿದ ಮಗುವನ್ನು ನಿಲ್ಲಿಸಿಕೊಳ್ಳಬಾರದು ಎಂಬ ನೆಪ ಹೇಳಿ ಊಟಕ್ಕೆ ಕಳುಹಿಸಿದೆ. ಲೆಕ್ಕದ ಮೇಷ್ಟ್ರಾಗಿ ಹದಿನೆಂಟು ವರ್ಷ ಕಳೆದಿದ್ದೇನೆ; ಅಂದಾಜಿನ ಪಾಠವನ್ನು ಅಷ್ಟೂ ವರ್ಷ ಮಾಡಿದ್ದೇನೆ. ಅಂದಾಜಿಸಿದ ಉತ್ತರಕ್ಕೆ ಹೀಗೆ ಯಾರೂ ಲೆಕ್ಕ ಕೇಳಿರಲಿಲ್ಲ.

ನಮ್ಮ ಶಾಲೆ ಇರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಸುತ್ತ ಎತ್ತ ನೋಡಿದರೂ ಮಾವಿನ ತೋಪು. ಆಂಧ್ರದ ಗಡಿ ಹತ್ತಿರವಾದ್ದರಿಂದ ಹೆಚ್ಚಿನ ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಈ ವಿವರ ಮುಂದೆ ಬೇಕಾಗುತ್ತದೆ. ಹುಡುಗಿಯ ಹೆಸರನ್ನು ನಾನು ಬರೆಯುವುದಿಲ್ಲ. ಲೆಕ್ಕದಲ್ಲಿ ಅವಳು ಮುಂದಿನ ಸಾಲಿನವಳಲ್ಲ, ಹಿಂದುಳಿದವಳೂ ಅಲ್ಲ. ಕೂಡುವುದರಲ್ಲಿ, ಕಳೆಯುವುದರಲ್ಲಿ ತಪ್ಪುವುದು ಅಪರೂಪ. ಮಗ್ಗಿ ಹದಿನೈದರವರೆಗೆ ಬಾಯಿಪಾಠ. ಅಂಥವಳು ಅಂದಾಜಿನ ನಾಲ್ಕು ಪ್ರಶ್ನೆಗಳಲ್ಲಿ ಮೂರನ್ನು ತಪ್ಪಿದ್ದಳು. ಅಥವಾ ಹಾಗೆಂದು ನಾನು ತೀರ್ಮಾನಿಸಿದ್ದೆ.

ಪ್ರಶ್ನೆಗಳು ಇವು. ಮೊದಲನೆಯದು, 29 + 33 + 47ರ ಮೊತ್ತವನ್ನು ಸಮೀಪದ ಹತ್ತಕ್ಕೆ ಅಂದಾಜಿಸಿ. ಎರಡನೆಯದು, 44 + 34 + 23ರ ಮೊತ್ತವನ್ನು ಹಾಗೆಯೇ ಅಂದಾಜಿಸಿ. ಮೂರನೆಯದು, 2,449ನ್ನು ಸಮೀಪದ ಸಾವಿರಕ್ಕೆ ಬರೆಯಿರಿ. ನಾಲ್ಕನೆಯದು, 112 ಮಕ್ಕಳು ಪ್ರವಾಸಕ್ಕೆ ಹೊರಟಿದ್ದಾರೆ, ಒಂದು ಬಸ್ಸಿನಲ್ಲಿ 50 ಜನ ಕೂರಬಹುದು, ಎಷ್ಟು ಬಸ್ಸು ಬೇಕು? ಅವಳ ಉತ್ತರಗಳು ಕ್ರಮವಾಗಿ 110, 100, 3,000 ಮತ್ತು 2. ಮೊದಲನೆಯದಕ್ಕೆ ಮಾತ್ರ ಅಂಕ ಬಿದ್ದಿತ್ತು.

ಊಟದ ನಂತರ ಅವಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲ ಲೆಕ್ಕದ ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದು ರಬ್ಬರಿನಿಂದ ಒರೆಸಿದ 109 ಕಾಣುತ್ತಿತ್ತು. ಎರಡನೆಯದರ ಬದಿಯಲ್ಲಿ 101. ಅಂದರೆ ಅವಳು ಎರಡೂ ಕಡೆ ಮಾಡಿದ್ದು ಒಂದನ್ನೇ: ಮೊದಲು ನಿಖರವಾಗಿ ಕೂಡಿ, ಬಂದ ಮೊತ್ತವನ್ನು ಹತ್ತಕ್ಕೆ ಸರಿಹೊಂದಿಸಿ, ಸಾಕ್ಷ್ಯವನ್ನು ಅಳಿಸಿದ್ದಳು. ನಾನು ಕಲಿಸಿದ್ದು ಬೇರೆ. ಪ್ರತಿ ಸಂಖ್ಯೆಯನ್ನೂ ಮೊದಲೇ ಹತ್ತಕ್ಕೆ ತಂದು ಆಮೇಲೆ ಕೂಡಬೇಕು. 30 + 30 + 50 ಎಂದರೆ 110. ಮೊದಲ ಲೆಕ್ಕದಲ್ಲಿ ಅವಳ ದಾರಿಯೂ ನನ್ನ ದಾರಿಯೂ ಒಂದೇ ಊರಿಗೆ ಹೋಗಿ ಸೇರಿದ್ದವು. 40 + 30 + 20 ಎಂದರೆ 90. ಎರಡನೆಯದರಲ್ಲಿ ದಾರಿ ಬೇರೆಯಾಗಿತ್ತು. ಒಂದೇ ವಿಧಾನಕ್ಕೆ ಒಂದು ಕಡೆ ಅಂಕ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಂಡಿದ್ದೆ. ಅದೂ ಅವಳ ಉತ್ತರ ನಿಜಕ್ಕೆ ಹನ್ನೊಂದು ಪಾಲು ಹತ್ತಿರವಿದ್ದ ಕಡೆಯಲ್ಲಿ.

ಉಳಿದ ಹಾಳೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆ. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಹಾಳೆಯಲ್ಲಿ ರಬ್ಬರಿನ ಗುರುತು. ಕೆಲವರು ಜಾಣರು, 101ನ್ನು ಕಂಡುಕೊಂಡ ಮೇಲೂ ನನ್ನನ್ನು ಮೆಚ್ಚಿಸಲು 90 ಬರೆದಿದ್ದರು.

ಮರುದಿನ ಹುಡುಗಿಯನ್ನು ಕೂರಿಸಿಕೊಂಡು, ಅಂದಾಜು ಎಂದರೇನು ಎಂದು ಕೇಳಿದೆ. “ಸರಿ ಉತ್ತರ ಮಾಡಿ, ಕೊನೆಯಲ್ಲಿ ಸೊನ್ನೆ ಹಾಕುವುದು” ಎಂದಳು. ಇದಕ್ಕಿಂತ ಪ್ರಾಮಾಣಿಕವಾದ ವ್ಯಾಖ್ಯೆಯನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ಮಕ್ಕಳು ಒಂದನೆಯ ತರಗತಿಯಿಂದಲೂ ನಿಖರವಾಗಿ ಕೂಡುವುದನ್ನು ಕಲಿತಿರುತ್ತಾರೆ. ಐದು ವರ್ಷ ಒಂದು ಬಿಡಿ ತಪ್ಪಿದರೂ ತಪ್ಪು ಎಂದು ಹೇಳಿಸಿಕೊಂಡವರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಿಡಿಗಳನ್ನು ಬಿಟ್ಟುಬಿಡಿ ಎಂದರೆ ಅವರು ನಂಬುವುದಾದರೂ ಹೇಗೆ? ಮೊದಲು ಸರಿಯಾದದ್ದನ್ನು ಕಂಡುಕೊಂಡು, ಮೇಷ್ಟ್ರ ಆಸೆಗೆ ಅದನ್ನು ಸ್ವಲ್ಪ ಕೆಡಿಸಿ ಕೊಡುತ್ತಾರೆ.

ಪ್ರಶ್ನೆಯಲ್ಲೂ ದೋಷವಿತ್ತು, ಅದು ನನ್ನದು. ಎರಡಂಕಿಯ ಮೂರು ಸಂಖ್ಯೆಗಳನ್ನು ಕೂಡಲು ಆರನೆಯ ತರಗತಿಯ ಮಗುವಿಗೆ ಅಂದಾಜು ಯಾಕೆ ಬೇಕು? ಮೂರನ್ನೂ ಹತ್ತಕ್ಕೆ ತರುವಷ್ಟು ಹೊತ್ತಿನಲ್ಲಿ ನೇರವಾಗಿ ಕೂಡಿ ಮುಗಿಸಬಹುದು.

ಮೂರನೆಯ ಲೆಕ್ಕದ ತಪ್ಪು ಬೇರೆ ಜಾತಿಯದು. 2,449 ಹೇಗೆ 3,000 ಆಯಿತು ಎಂದು ಕೇಳಿದಾಗ ಅವಳು ಮೆಟ್ಟಿಲು ಇಳಿದಂತೆ ಹೇಳಿದಳು: ಕೊನೆಯ ಅಂಕಿ 9, ಐದಕ್ಕಿಂತ ಹೆಚ್ಚು, ಆದ್ದರಿಂದ 2,450. ಈಗ ಹತ್ತರ ಸ್ಥಾನದಲ್ಲಿ 5, ಆದ್ದರಿಂದ 2,500. ಈಗ ನೂರರ ಸ್ಥಾನದಲ್ಲಿ 5, ಆದ್ದರಿಂದ 3,000. ಪ್ರತಿ ಮೆಟ್ಟಿಲಿನಲ್ಲೂ ನಿಯಮ ಸರಿ, ತಲುಪಿದ ಜಾಗ ತಪ್ಪು. ಸಂಖ್ಯಾರೇಖೆ ಎಳೆದು ಎರಡು ಸಾವಿರ, ಮೂರು ಸಾವಿರ, ನಡುವೆ 2,500 ಗುರುತಿಸಿ, “2,449 ಎಲ್ಲಿ ನಿಲ್ಲುತ್ತದೆ, ತೋರಿಸು” ಎಂದೆ. ನಡುಗೆರೆಯ ಈಚೆಗೆ ಬೆರಳಿಟ್ಟಳು. ಹಾಗಾದರೆ ಯಾವ ಊರು ಹತ್ತಿರ? “ಎರಡು ಸಾವಿರ. ಆದರೆ ಸರ್, ನಿಯಮದ ಪ್ರಕಾರ ಮೂರು ಬಂತಲ್ಲ?” ಕಣ್ಣಿಗೆ ಕಂಡದ್ದಕ್ಕಿಂತ ನಿಯಮದ ಮೇಲೆ ಅವಳಿಗೆ ಹೆಚ್ಚು ಭರವಸೆ. ಆ ಭರವಸೆಯನ್ನು ತುಂಬಿದವನು ನಾನೇ. ‘ಐದು ಅಥವಾ ಹೆಚ್ಚಾದರೆ ಒಂದು ಏರಿಸು’ ಎಂದು ಕಲಿಸುವಾಗ, ಎಲ್ಲಿಂದ ಎಲ್ಲಿಗೆ ಹತ್ತಿರ ಎಂಬ ಮಾತು ಪಾಠದ ಮೊದಲ ಹತ್ತು ನಿಮಿಷದಲ್ಲೇ ಮುಗಿದುಹೋಗಿತ್ತು.

ಬಸ್ಸಿನ ಲೆಕ್ಕದಲ್ಲಿ ಅವಳ ತರ್ಕಕ್ಕೆ ನಾನು ತಲೆದೂಗಬೇಕಾಯಿತು. 112ನ್ನು 50ರಿಂದ ಭಾಗಿಸಿದರೆ 2 ಬಂದು 12 ಉಳಿಯುತ್ತದೆ. 12 ಎಂಬುದು 25ಕ್ಕಿಂತ ಕಡಿಮೆ. ಆದ್ದರಿಂದ ಬಿಟ್ಟೆ ಎಂದಳು. ಸಮೀಪದ ಪೂರ್ಣಸಂಖ್ಯೆಗೆ ತರುವ ವಿಧಾನದಲ್ಲಿ ಇದರಷ್ಟು ಸರಿಯಾದದ್ದು ಇನ್ನೊಂದಿಲ್ಲ.

“ಬಿಟ್ಟದ್ದು ಏನನ್ನು?”

“ಶೇಷವನ್ನು.”

“ಶೇಷ ಎಂದರೆ ಯಾರು?”

ಸ್ವಲ್ಪ ಹೊತ್ತು ಸುಮ್ಮನಿದ್ದು ನಗತೊಡಗಿದಳು. ಹನ್ನೆರಡು ಮಕ್ಕಳು ಚೀಲ ಹಿಡಿದು ಶಾಲೆಯ ಗೇಟಿನಲ್ಲಿ ನಿಂತಿರುವುದು ಅವಳ ಕಣ್ಣ ಮುಂದೆ ಬಂದಿರಬೇಕು. ಇದು ನಮ್ಮ ತಾಲ್ಲೂಕಿನ ಮಕ್ಕಳ ಸಮಸ್ಯೆ ಮಾತ್ರವೂ ಅಲ್ಲ. 1983ರಲ್ಲಿ ಫಲಿತಾಂಶ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಇಂಥದ್ದೇ ಪ್ರಶ್ನೆ ಕೊಟ್ಟಿದ್ದರು: 1,128 ಸೈನಿಕರು, ಬಸ್ಸಿಗೆ 36 ಜನ, ಎಷ್ಟು ಬಸ್ಸು ಬೇಕು? ಭಾಗಾಕಾರವನ್ನು ನೂರಕ್ಕೆ 70 ಮಂದಿ ಸರಿಯಾಗಿ ಮಾಡಿದರೂ 32 ಎಂಬ ಉತ್ತರ ಬರೆದವರು 23 ಮಂದಿ. ‘31 ಬಸ್ಸು, ಶೇಷ 12’ ಎಂದು ಬರೆದವರು 29 ಮಂದಿ. ಅಲ್ಲಿಯೂ ಉಳಿದುಹೋದವರು ಹನ್ನೆರಡೇ ಜನ ಎಂಬುದು ಕೇವಲ ಕಾಕತಾಳೀಯ, ಆದರೂ ನನಗೆ ನಗು ಬಂತು.

ಇಷ್ಟಾದರೆ ಇದು ಮಾಮೂಲಿ ಪ್ರಕರಣವಾಗುತ್ತಿತ್ತು. ತಿರುವು ಸಿಕ್ಕಿದ್ದು ಮಾವಿನ ತೋಪಿನಲ್ಲಿ.

ಹುಡುಗಿಯ ತಾತ ತೋಪುಗಳನ್ನು ಗುತ್ತಿಗೆಗೆ ಹಿಡಿಯುವ ವ್ಯಾಪಾರಿ. ಮರದಲ್ಲಿ ಕಾಯಿ ಇರುವಾಗಲೇ ಇಡೀ ಫಸಲಿಗೆ ಒಂದು ಬೆಲೆ ಕಟ್ಟಿ ಹಣ ಕೊಟ್ಟು, ಮುಂದೆ ಕೊಯ್ಲು, ಸಾಗಣೆ, ಲಾಭ, ನಷ್ಟ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳುವ ಕೆಲಸ ಅದು. ತಕ್ಕಡಿಯಿಲ್ಲ, ಕಾಗದವಿಲ್ಲ, ಬರೀ ಕಣ್ಣಂದಾಜು. ಒಂದು ಭಾನುವಾರ ಅವರು ತೋಪು ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಮೊಮ್ಮಗಳು ಮುಂದೆ ಮುಂದೆ ಓಡುತ್ತಿದ್ದಳು.

ತೋತಾಪುರಿ ಮರಗಳ ತೋಪು. ಮುದುಕ ಎಲ್ಲ ಮರಗಳನ್ನೂ ನೋಡಲಿಲ್ಲ. ತುಂಬಾ ಕಾಯಿ ಬಿಟ್ಟ ಒಂದು ಮರ, ನಡುತರದ ಒಂದು, ಬಡಕಲು ಮರ ಒಂದು. ಈ ಮೂರರ ಕೆಳಗೆ ಮಾತ್ರ ನಿಂತು ತಲೆಯೆತ್ತಿದರು. ಒಂದು ಕೊಂಬೆಯ ಕಾಯಿಗಳನ್ನು ಎಣಿಸಿ, ಅಂಥ ಕೊಂಬೆಗಳು ಎಷ್ಟೆಂದು ಕಣ್ಣಾಡಿಸಿದರು. ಮರಕ್ಕೆ ಎಂಬತ್ತು ಕಿಲೋ ಎಂದರು. ಮರಗಳು ನಲವತ್ತೇಳು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಹುಡುಗಿ ತೆಲುಗಿನಲ್ಲಿ ಹೇಳಿಯಾಗಿತ್ತು: ಮೂರು ಮುಕ್ಕಾಲು ಟನ್. ನನ್ನ ಮೊಬೈಲಿನ ಪರದೆಯ ಮೇಲೆ 3,760 ಎಂದು ಬಂತು. ಅವಳ ಅಂದಾಜು 3,750. ಹತ್ತು ಕಿಲೋ ವ್ಯತ್ಯಾಸ, ಅರ್ಧ ಕ್ರೇಟು.

ಹೇಗೆ ಮಾಡಿದೆ ಎಂದು ಕೇಳಿದೆ. “ನಲವತ್ತೇಳನ್ನು ಐವತ್ತು ಮಾಡಿದೆ. ಮೂರು ಮರ ಸುಮ್ಮನೆ ಹೆಚ್ಚಾಯಿತಲ್ಲ, ಅದಕ್ಕೆ ಎಂಬತ್ತನ್ನು ಎಪ್ಪತ್ತೈದಕ್ಕೆ ಇಳಿಸಿದೆ. ತಾತ ಯಾವಾಗಲೂ ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸುತ್ತಾರೆ.” ನನ್ನ ಪಾಠದ ನಿಯಮದಂತೆ ಹೋಗಿದ್ದರೆ 47 ಮಾತ್ರ 50 ಆಗುತ್ತಿತ್ತು, 80 ಹಾಗೆಯೇ ಉಳಿಯುತ್ತಿತ್ತು, 4,000 ಕಿಲೋ. ನಿಜಕ್ಕಿಂತ 240 ಕಿಲೋ ಹೆಚ್ಚು, 20 ಕಿಲೋ ಹಿಡಿಯುವ ಹನ್ನೆರಡು ಕ್ರೇಟು. ಮರದಲ್ಲಿಲ್ಲದ ಹನ್ನೆರಡು ಕ್ರೇಟಿಗೆ ಮುದುಕ ಹಣ ಎಣಿಸಿ ಕೊಡಬೇಕಾಗುತ್ತಿತ್ತು. (ಈ ಹನ್ನೆರಡು ನನ್ನನ್ನು ಬಿಡುವಂತೆ ಕಾಣಲಿಲ್ಲ.)

ತಾತ ಅಷ್ಟಕ್ಕೇ ನಿಲ್ಲಲಿಲ್ಲ. “ಮೂರು ಮುಕ್ಕಾಲು ಇದ್ದರೂ ನಾನು ಬೆಲೆ ಕಟ್ಟುವುದು ಮೂರೂವರೆಗೆ” ಎಂದರು. ಗಾಳಿಗೆ ಉದುರುವುದು, ಆಲಿಕಲ್ಲಿಗೆ ಕಲೆಯಾಗುವುದು, ಕೊಯ್ಯುವಾಗ ಒಡೆಯುವುದು ಇರುತ್ತದೆ. ಹಾಗಾದರೆ ಮೂರು ಟನ್ನಿಗೇ ಕಟ್ಟಬಹುದಲ್ಲ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. “ಹೆಚ್ಚು ಅಂದಾಜಿಸಿದರೆ ನಷ್ಟ ನನ್ನದು. ತೀರಾ ಕಡಿಮೆ ಅಂದಾಜಿಸಿದರೆ ತೋಪು ಪಕ್ಕದ ವ್ಯಾಪಾರಿಯದು.” ಬಸ್ಸಿನ ಲೆಕ್ಕದಲ್ಲಿ ನಾನು ಹೇಳಿಕೊಡಬೇಕಾಗಿದ್ದ ಮಾತು ಇದೇ ಆಗಿತ್ತು. ಯಾವ ಕಡೆಗೆ ತಪ್ಪಿದರೆ ಯಾರಿಗೆ ಏನಾಗುತ್ತದೆ ಎಂಬುದನ್ನು ನೋಡಿ ಏರಿಸಬೇಕೋ ಇಳಿಸಬೇಕೋ ತೀರ್ಮಾನವಾಗಬೇಕು; ಕೊನೆಯ ಅಂಕಿ ಐದೋ ನಾಲ್ಕೋ ಎಂಬುದು ಆಮೇಲಿನ ಮಾತು.

ಹಿಂದಿರುಗುವಾಗ ಹುಡುಗಿಯನ್ನು ಕೇಳಿದೆ: ಒಂದು ಕ್ರೇಟಿನಲ್ಲಿ ಎಷ್ಟು ಕಾಯಿ ಹಿಡಿಯುತ್ತವೆ? “ಯಾಭೈ. ಅರವೈ ಲೋಪಲ” ಎಂದಳು. ಐವತ್ತು, ಅರವತ್ತರೊಳಗೆ. ಒಂದು ಸಂಖ್ಯೆಯನ್ನೂ ಅದಕ್ಕೊಂದು ಬೇಲಿಯನ್ನೂ ಒಟ್ಟಿಗೇ ಕೊಟ್ಟಿದ್ದಳು. ಇಷ್ಟು ಗೊತ್ತಿದ್ದವಳು ಪರೀಕ್ಷೆಯಲ್ಲಿ ಯಾಕೆ ಹೀಗೆ ಬರೆಯಲಿಲ್ಲ? ಅವಳು ಆಶ್ಚರ್ಯದಿಂದ ತಿರುಗಿ ನೋಡಿದಳು. “ಅದನ್ನು ಪರೀಕ್ಷೆಯಲ್ಲಿ ಬರೆಯಬಹುದೇ?” ಅವಳ ತಲೆಯಲ್ಲಿ ಅಂದಾಜು ತೆಲುಗಿನಲ್ಲಿ ತೋಪಿಗೆ ಸೇರಿದ್ದು, ಲೆಕ್ಕ ಕನ್ನಡದಲ್ಲಿ ಶಾಲೆಗೆ ಸೇರಿದ್ದು. ಎರಡರ ನಡುವಿನ ಬಾಗಿಲನ್ನು ಯಾರೂ ತೆರೆದಿರಲಿಲ್ಲ.

ಹಾಗೆ ನೋಡಿದರೆ ಕನ್ನಡವೇನೂ ಈ ವಿಷಯದಲ್ಲಿ ಬಡವಲ್ಲ. ನಾಲ್ಕೈದು, ಏಳೆಂಟು, ಹತ್ತಿಪ್ಪತ್ತು, ನೂರಾ ಚಿಲ್ಲರೆ: ಅಂದಾಜನ್ನು ಒಂದೇ ಪದದಲ್ಲಿ ಬೇಲಿ ಹಾಕಿ ಹೇಳುವ ಭಾಷೆ ನಮ್ಮದು. ಹೂವಾಡಗಿತ್ತಿಯ ಮೊಳ ಮೊಳವೇ. ಆದರೆ ‘ಏಳೆಂಟು’ ಎಂದು ಬರೆದ ಉತ್ತರಕ್ಕೆ ಯಾವ ಮೇಷ್ಟ್ರೂ ಅಂಕ ಕೊಟ್ಟದ್ದನ್ನು ನಾನು ನೋಡಿಲ್ಲ.

ಸೋಮವಾರ 44 + 34 + 23ನ್ನು ಮತ್ತೆ ಬೋರ್ಡಿನ ಮೇಲೆ ಬರೆದೆ. “ತಾತನಾಗಿದ್ದರೆ ಏನು ಮಾಡುತ್ತಿದ್ದರು?” ಎಂದು ಹುಡುಗಿಯನ್ನು ಕೇಳಿದೆ. ಅವಳು ಮೂರೂ ಸಂಖ್ಯೆಗಳ ಕೆಳಗೆ ಬಿಟ್ಟುಹೋದದ್ದನ್ನು ಬರೆದಳು: 4, 4, 3. “ಮೂರನ್ನೂ ಇಳಿಸಿಬಿಟ್ಟಿದ್ದೀರಿ ಸರ್. ಹನ್ನೊಂದು ಕಳೆದುಹೋಗಿದೆ. ಒಂದನ್ನಾದರೂ ಏರಿಸಬೇಕಿತ್ತು.” 44ನ್ನು 50 ಮಾಡಿ 50 + 30 + 20 ಎಂದು ಬರೆದು 100 ತಂದಳು. ಮೊದಲ ಲೆಕ್ಕ ಯಾಕೆ ಸರಿಹೋಯಿತು ಎಂಬುದೂ ಆಗ ಎಲ್ಲರಿಗೂ ಕಂಡಿತು: ಅಲ್ಲಿ 29 ಒಂದು ಏರಿತ್ತು, 33 ಮೂರು ಇಳಿದಿತ್ತು, 47 ಮೂರು ಏರಿತ್ತು. ಏರಿದ್ದು ಇಳಿದದ್ದನ್ನು ಹೆಚ್ಚುಕಡಿಮೆ ನುಂಗಿತ್ತು.

ಒಂದೇ ಕಡೆಗೆ ವಾಲುವ ಸಣ್ಣ ತಪ್ಪುಗಳು ಏನು ಮಾಡಬಲ್ಲವು ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಕಥೆಯನ್ನು ಮಕ್ಕಳಿಗೆ ಹೇಳಿದೆ. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವೊಂದು 1,000ದಿಂದ ಶುರುವಾಯಿತು. ಪ್ರತಿ ವಹಿವಾಟಿನ ನಂತರ ಕಂಪ್ಯೂಟರ್ ಅದನ್ನು ಮತ್ತೆ ಲೆಕ್ಕ ಹಾಕಿ, ದಶಮಾಂಶದ ಮೂರು ಸ್ಥಾನಗಳ ಆಚೆಗಿನದನ್ನು ಸಮೀಪಕ್ಕೆ ಸರಿಹೊಂದಿಸದೆ ಕತ್ತರಿಸಿ ಎಸೆಯುತ್ತಿತ್ತು. ಎಸೆದದ್ದು ಪ್ರತಿ ಸಲ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ, ಆದರೆ ಯಾವಾಗಲೂ ಕೆಳಮುಖ. ದಿನಕ್ಕೆ ಸುಮಾರು ಮೂರು ಸಾವಿರ ಸಲ ಹೀಗಾಗಿ, 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಬಂದು ನಿಂತಿತ್ತು. ತಿದ್ದಿದಾಗ ನಿಜವಾದ ಬೆಲೆ 1,098.892. ಹಿಂದಿನ ಬೆಂಚಿನ ಹುಡುಗ ಕೇಳಿದ: “ಇಪ್ಪತ್ತೆರಡು ತಿಂಗಳು ಯಾರೂ ನೋಡಲಿಲ್ಲವೇ?” ಸರಿಯಾದ ಪ್ರಶ್ನೆ. ಮಾರುಕಟ್ಟೆ ಏರುತ್ತಿರುವಾಗ ಸೂಚ್ಯಂಕ ಅರ್ಧಕ್ಕೆ ಇಳಿಯುತ್ತದೆಯೇ ಎಂದು ಒಬ್ಬ ತಾತ ಅನುಮಾನಪಟ್ಟಿದ್ದರೆ ಸಾಕಿತ್ತು.

ಐದು ಬಂದರೆ ಯಾಕೆ ಏರಿಸಬೇಕು ಎಂಬ ಪ್ರಶ್ನೆಯೂ ಆ ದಿನವೇ ಎದ್ದಿತು. ಐದು ಸರಿಯಾಗಿ ನಡುವೆ ನಿಂತಿರುತ್ತದೆ, ಎರಡು ಕಡೆಗೂ ಸಮದೂರ. ಏರಿಸುವುದು ನಾವು ಮಾಡಿಕೊಂಡ ಒಪ್ಪಂದವೇ ಹೊರತು ಕಂಡುಹಿಡಿದ ಸತ್ಯವಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 288ಎ ಕಲಮಿನಲ್ಲಿ ಒಟ್ಟು ಆದಾಯವನ್ನು ಹತ್ತು ರೂಪಾಯಿಗೆ ಸರಿಹೊಂದಿಸುವಾಗಲೂ ಇದೇ ಒಪ್ಪಂದವಿತ್ತು: ಕೊನೆಯ ಅಂಕಿ ಐದು ಅಥವಾ ಹೆಚ್ಚಾದರೆ ಮೇಲಕ್ಕೆ. ಕಂಪ್ಯೂಟರುಗಳಲ್ಲಿ ಮಾತ್ರ ಎಷ್ಟೋ ಕಡೆ ನಡುವೆ ನಿಂತದ್ದನ್ನು ಸಮ ಅಂಕಿಯ ಕಡೆಗೆ ಕಳುಹಿಸುತ್ತಾರೆ. 25 ಇಳಿದು 20, 35 ಏರಿ 40. ಒಂದನ್ನು ಏರಿಸಿದರೆ ಒಂದನ್ನು ಇಳಿಸು. “ತಾತನ ಥರ” ಎಂದು ಯಾರೋ ಕೂಗಿದರು.

ಮುಂದಿನ ವಾರಗಳಲ್ಲಿ ಮಾಡಿದ ಬದಲಾವಣೆಗಳು ಸಣ್ಣವು. ಸಂಖ್ಯೆಗಳನ್ನು ದೊಡ್ಡದು ಮಾಡಿದೆ. ಬೋರ್ಡಿನ ಮೇಲೆ ಬರೆದು ಐದು ಎಣಿಸಿ ಒರೆಸಿಬಿಡುತ್ತಿದ್ದೆ. ನಿಖರವಾಗಿ ಕೂಡಲು ಹೊತ್ತೇ ಇರುತ್ತಿರಲಿಲ್ಲ. ಉತ್ತರಕ್ಕೆ ಮೊದಲು ಕೆಳಗಿನ ಬೇಲಿ, ಮೇಲಿನ ಬೇಲಿ ಕೇಳುತ್ತಿದ್ದೆ. ಮೊದಲ ದಿನವೇ ಒಬ್ಬ ‘ಸೊನ್ನೆಯಿಂದ ಒಂದು ಲಕ್ಷದೊಳಗೆ’ ಎಂದು ಬರೆದು ಗೆದ್ದೆನೆಂದು ಬೀಗಿದ. ತಪ್ಪೆಂದು ಹೇಳುವ ಹಾಗಿಲ್ಲ! ಆಗ ಆಟದ ನಿಯಮ ಬದಲಾಯಿಸಬೇಕಾಯಿತು: ಬೇಲಿಯೊಳಗೆ ನಿಜ ಉತ್ತರ ಇರಬೇಕು, ಇದ್ದವರಲ್ಲಿ ಕಿರಿದಾದ ಬೇಲಿಯವನು ಗೆದ್ದ. ಎಲ್ಲಿಗೆ ಸರಿಹೊಂದಿಸಬೇಕು ಎಂಬುದಕ್ಕೆ ಜನಗಣತಿಯ ಸಂಖ್ಯೆಯನ್ನು ಬಳಸಿದೆ. 2011ರಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಭಾಷಣ ಮಾಡುವವರಿಗೆ ಆರು ಕೋಟಿ ಸಾಕು. ಅಕ್ಕಿ ಹಂಚುವವರು ಆರು ಕೋಟಿ ಎಂದು ನಿಲ್ಲಿಸಿದರೆ ಸುಮಾರು ಹನ್ನೊಂದು ಲಕ್ಷ ಜನ ಬಸ್ ತಪ್ಪಿದ ಮಕ್ಕಳಾಗುತ್ತಾರೆ.

ಅವಳ ಅಂಕದ ವಿಷಯ ಉಳಿದಿತ್ತು. ಎರಡನೆಯ ಲೆಕ್ಕಕ್ಕೆ ಅಂಕ ಕೊಟ್ಟೆ. ಒಂದೇ ವಿಧಾನವಾದ್ದರಿಂದ ಮೊದಲನೆಯದರ ಅಂಕ ಕಿತ್ತುಕೊಳ್ಳಬೇಕೇ ಎಂದು ಅವಳೇ ಕೇಳಿದಳು. ನನಗೆ ಧೈರ್ಯ ಬರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ‘ಸಮೀಪದ ಹತ್ತಕ್ಕೆ ಅಂದಾಜಿಸಿ ಕೂಡಿ’ ಎಂದು ಬಂದರೆ 90 ಎಂದೇ ಬರೆಯಬೇಕು ಎಂಬುದನ್ನೂ ಹೇಳಿದೆ. ಅವಳಿಗೆ ಅದು ಇಷ್ಟವಾಗಲಿಲ್ಲ, ನನಗೂ ಇಲ್ಲ. ಬೆಲೆ ಕಟ್ಟುವವರು ಯಾರೋ ಅವರ ತಕ್ಕಡಿ ಅಷ್ಟೇ ಎಂದು ಅವಳ ತಾತನ ಭಾಷೆಯಲ್ಲೇ ಸಮಾಧಾನ ಹೇಳಿದೆ.

ಎಲ್ಲ ಸರಿಹೋಯಿತು ಎಂದುಕೊಂಡಿರುವಾಗ 84 − 36 ಬಂತು. ಹುಡುಗಿ 60 ಎಂದು ಬರೆದಳು. ನಿಜ ಉತ್ತರ 48. ನನ್ನ ಹಳೆಯ ನಿಯಮದಂತೆ 80 − 40 ಮಾಡಿದ್ದರೂ 40 ಬಂದು ಎಂಟರಷ್ಟೇ ತಪ್ಪುತ್ತಿತ್ತು. ಅವಳದು ಹನ್ನೆರಡು ತಪ್ಪಿತ್ತು. (ಮತ್ತೆ ಹನ್ನೆರಡು.) ಕೇಳಿದರೆ, “ಒಂದನ್ನು ಏರಿಸಿ 90 ಮಾಡಿದೆ, ಒಂದನ್ನು ಇಳಿಸಿ 30 ಮಾಡಿದೆ, ತಾತನ ಹಾಗೆ” ಎಂದಳು. ಐದರ ನಿಯಮವನ್ನು ಬಿಡಿಸಿ ತೋಪಿಗೆ ಕರೆದೊಯ್ದರೆ, ತೋಪಿನಿಂದ ಇನ್ನೊಂದು ನಿಯಮವನ್ನು ಕಿತ್ತು ತಂದಿದ್ದಳು.

“ನನಗೂ ನಿನಗೂ ವಯಸ್ಸಿನ ಅಂತರ ಎಷ್ಟೋ ಇದೆ. ಐದು ವರ್ಷ ಕಳೆದ ಮೇಲೆ ಅದು ಎಷ್ಟಾಗುತ್ತದೆ?”

“ಅಷ್ಟೇ ಇರುತ್ತದೆ. ಇಬ್ಬರಿಗೂ ಐದು ಏರುತ್ತದಲ್ಲ.”

ಹಾಗಾದರೆ ಕಳೆಯುವಾಗ ಎರಡನ್ನೂ ಒಂದೇ ಕಡೆಗೆ ಸರಿಸಬೇಕು, 36ನ್ನು 40 ಮಾಡಿದರೆ 84ನ್ನು 88 ಮಾಡಬೇಕು ಎಂದು ಅವಳಿಗೆ ಹೊಳೆಯುತ್ತದೆಂದು ಕಾದೆ. ಹೊಳೆದಂತೆ ಕಂಡಿತು, ಆದರೂ ತಾತನನ್ನು ಕೇಳಿ ಬರುತ್ತೇನೆ ಎಂದು ಹೋದಳು.

ಮರುದಿನ ಪ್ರಾರ್ಥನೆಗೆ ಮೊದಲೇ ಬಂದು ನಿಂತಳು. “ತಾತ ಕಳೆಯುವುದೇ ಇಲ್ಲವಂತೆ ಸರ್. ಚಿಲ್ಲರೆ ಕೊಡುವ ಹಾಗೆ ಕೂಡುತ್ತಾ ಹೋಗುತ್ತಾರಂತೆ. 36ಕ್ಕೆ ನಾಲ್ಕು ಹಾಕಿದರೆ ನಲವತ್ತು, ನಲವತ್ತು ಹಾಕಿದರೆ ಎಂಬತ್ತು, ಇನ್ನು ನಾಲ್ಕು.” ಬೆರಳು ಮಡಿಸಿ ಒಟ್ಟು ಮಾಡಿದಳು. ನಲವತ್ತೆಂಟು. ನಿನ್ನೆಯ ಹಾಳೆಯಲ್ಲಿ 60ನ್ನು ಹೊಡೆದು 48 ಎಂದು ಬರೆದು, ಪೆನ್ಸಿಲನ್ನು ಮೇಲೆಯೇ ಹಿಡಿದು ಕೇಳಿದಳು:

“ಇದಕ್ಕೆ ಸೊನ್ನೆ ಎಲ್ಲಿ ಹಾಕಲಿ ಸರ್?”